‘ಸರ್ವಾಧಿಕಾರಿಯ ಮೂರು ಅಸ್ತ್ರಗಳು’ ಕಳಿಸಿದ ಗೌರಿಬಿದನೂರಿನ ಬರಹಗಾರರಿಗೆ

ನಮಸ್ಕಾರ.

ನಿಮ್ಮ ಲೇಖನ ತಲುಪಿತು. ಹದಿನಾಲ್ಕು ಪುಟ. ಪ್ರಚಾರ, ಭಯ, ಆರ್ಥಿಕ ಹಿಡಿತ ಎಂದು ಮೂರು ಅಧ್ಯಾಯ. ಹಿಟ್ಲರ್, ಸ್ಟಾಲಿನ್, ಕೊನೆಗೆ ರುಮೇನಿಯಾ ಆಳಿದ ಚೌಷೆಸ್ಕು. ಈಗಿರುವ ಹಾಗೆ ಅಚ್ಚು ಹಾಕಲು ಬರುವುದಿಲ್ಲ. ಹಾಗೆಂದು ಮೂಲೆಗೆಸೆಯುವ ಬರಹವೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಲೇಖನ ಕೆಟ್ಟಿರುವುದು ಆ ಮೂರು ಅಧ್ಯಾಯಗಳಿಂದಲೇ. ಪ್ರಚಾರದ ಮಾತು ಮುಗಿಸಿ, ಬಾಗಿಲು ಹಾಕಿ, ಭಯದ ಕೋಣೆಗೆ ಹೋಗುತ್ತೀರಿ. ಅಲ್ಲಿಂದ ಹೊರಬಂದು ದುಡ್ಡುಕಾಸಿನ ಲೆಕ್ಕ ತೆಗೆಯುತ್ತೀರಿ. ಆ ಆಳ್ವಿಕೆಗಳಲ್ಲಿ ಬದುಕಿದ ಜನಕ್ಕೆ ಈ ಮೂರೂ ಬೇರೆ ಬೇರೆಯಾಗಿ ಬರಲಿಲ್ಲ. ಒಂದೇ ಕಾಗದದಲ್ಲಿ, ಒಂದೇ ದಿನ ಬಂದವು. ಅದನ್ನು ತೋರಿಸದಿದ್ದರೆ ಓದುಗನಿಗೆ ‘ಎಷ್ಟು ಕ್ರೂರಿಗಳಪ್ಪ’ ಅನ್ನಿಸುತ್ತದೆಯೇ ಹೊರತು, ಕೋಟಿಗಟ್ಟಲೆ ಜನ ಹೇಗೆ ಸಿಕ್ಕಿಬಿದ್ದರು ಎಂಬುದು ತಿಳಿಯುವುದಿಲ್ಲ.

ಸ್ಟಾಲಿನ್ ಆಳಿದ ಸೋವಿಯತ್ ಒಕ್ಕೂಟದ ಉಕ್ರೇನಿನ ಬರಗಾಲವನ್ನೇ ನೋಡಿ. ನೀವು ಅದನ್ನು ‘ಆರ್ಥಿಕ ಹಿಡಿತ’ದ ಕೆಳಗೆ ನಾಲ್ಕು ಸಾಲಿನಲ್ಲಿ ಮುಗಿಸಿದ್ದೀರಿ. ಇಡೀ ಲೇಖನದ ಜೀವ ಅಲ್ಲೇ ಇದೆ. 1932ರ ಆಗಸ್ಟ್ 7ರ ಕಾನೂನಿನ ಪ್ರಕಾರ ಸಾಮೂಹಿಕ ಬೇಸಾಯದ ಹೊಲದಿಂದ ತೆನೆ ಆಯ್ದರೂ ಅದು ಸರ್ಕಾರಿ ಸ್ವತ್ತಿನ ಕಳವು. ಶಿಕ್ಷೆ ಗುಂಡು, ದಯೆ ತೋರಿದರೆ 10 ವರ್ಷ ಸೆರೆ. ಅದೇ ವರ್ಷದ ನವೆಂಬರಿನಲ್ಲಿ ‘ಕಪ್ಪು ಹಲಗೆ’ ಬಂತು. ಸರ್ಕಾರಕ್ಕೆ ದವಸದ ಪಾಲು ಪೂರ್ತಿ ಕೊಡದ ಹಳ್ಳಿಯ ಹೆಸರನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದು. ಹೆಸರು ಬಂದ ಹಳ್ಳಿಯ ಅಂಗಡಿಗೆ ಉಪ್ಪು, ಸೀಮೆಎಣ್ಣೆ, ಬೆಂಕಿಪೊಟ್ಟಣ ನಿಂತವು. ಇದ್ದ ಸಾಮಾನನ್ನೂ ವಾಪಸು ಹೊತ್ತೊಯ್ದರು. ಈ ಹಲಗೆಯನ್ನು ನಿಮ್ಮ ಯಾವ ಅಧ್ಯಾಯಕ್ಕೆ ಹಾಕುತ್ತೀರಿ? ಪತ್ರಿಕೆಯಲ್ಲಿ ಬಂದದ್ದು, ಆದ್ದರಿಂದ ಪ್ರಚಾರ. ಪಕ್ಕದ ಹಳ್ಳಿಯ ಎದೆ ನಡುಗಿಸಿದ್ದು, ಆದ್ದರಿಂದ ಭಯ. ಒಲೆ ಆರಿಸಿದ್ದು, ಆದ್ದರಿಂದ ಆರ್ಥಿಕ ಹಿಡಿತ.

ಇನ್ನೂ ಹತ್ತಿರದಿಂದ ತೋರಿಸಬಹುದು. ದವಸ ಹುಡುಕಲು ಬಂದ ತಂಡಗಳ ಕೈಯಲ್ಲಿ ಉದ್ದನೆಯ ಕಬ್ಬಿಣದ ಸಲಾಕೆಗಳಿದ್ದವು. ಅಂಗಳ, ಕೊಟ್ಟಿಗೆ, ಒಲೆಯ ಪಕ್ಕದ ನೆಲಕ್ಕೆಲ್ಲ ಚುಚ್ಚಿ, ಮಣ್ಣು ಸಡಿಲವಾಗಿ ಇಳಿದ ಕಡೆ ಅಗೆಯುತ್ತಿದ್ದರು. ನೆಲದಡಿಯ ಹಗೇವಿನಲ್ಲಿ ರಾಗಿ ತುಂಬಿಟ್ಟು ಬರಗಾಲ ದಾಟಿದ ಸೀಮೆ ನಮ್ಮದು. ಬಾಯಿ ಮುಚ್ಚಿ ಮಣ್ಣು ಮೆತ್ತಿದ ಹಗೇವಿಗೆ ಯಾರೋ ಸಲಾಕೆ ಇಳಿಸುತ್ತಿದ್ದಾರೆ ಎಂದರೆ ಮಧುಗಿರಿಯ, ಮುಳಬಾಗಿಲಿನ ಓದುಗರಿಗೆ ಬೇರೆ ವಿವರಣೆ ಬೇಡ. ಬಿತ್ತನೆಗೆ ಇಟ್ಟ ಕಾಳೂ ಹೋಯಿತು. 1932ರ ಡಿಸೆಂಬರಿನಲ್ಲಿ ಊರಿಂದೂರಿಗೆ ಹೋಗಲು ಒಳನಾಡಿನ ಪಾಸ್‌ಪೋರ್ಟ್ ಬಂತು, ಸಾಮೂಹಿಕ ಬೇಸಾಯದ ರೈತರಿಗೆ ಮಾತ್ರ ಅದು ಸಿಗಲಿಲ್ಲ. 1933ರ ಜನವರಿ 22ರಂದು ಹಸಿದವರು ಉಕ್ರೇನ್ ಬಿಟ್ಟು ಹೋಗದಂತೆ ತಡೆಯಿರಿ ಎಂದು ಸ್ಟಾಲಿನ್, ಪ್ರಧಾನಿ ಮೊಲೊಟೊವ್ ಸಹಿಯ ಆದೇಶ ಹೊರಟಿತು. ಇಷ್ಟಾದರೂ ದೇಶದಿಂದ ಗೋಧಿ ರಫ್ತು ನಿಲ್ಲಲಿಲ್ಲ, ಪತ್ರಿಕೆಗಳಲ್ಲಿ ಬರ ಎಂಬ ಪದ ಬರುವಂತಿರಲಿಲ್ಲ. ತಾರೀಖುಗಳನ್ನು ಈ ಅನುಕ್ರಮದಲ್ಲೇ ಇಡಿ. ಮೊದಲು ಕಾನೂನು, ಆಮೇಲೆ ಅಂಗಡಿ, ಆಮೇಲೆ ದಾರಿ. ಒಂದೊಂದೇ ಬಾಗಿಲು ಮುಚ್ಚಿದ್ದು ಆಗ ಕಾಣುತ್ತದೆ. ನೀವು ಬರೆದ ‘ಕೋಟ್ಯಂತರ ಸಾವು’ ತೆಗೆಯಿರಿ. ಉಕ್ರೇನಿನಲ್ಲಿ ಸತ್ತವರು 35ರಿಂದ 40 ಲಕ್ಷ ಎಂಬುದು ಹೆಚ್ಚಿನ ತಜ್ಞರ ಅಂದಾಜು. ಅಂಕಿ ಹಿಗ್ಗಿಸಿದರೆ, ಅದನ್ನು ಅಲ್ಲಗಳೆಯಲು ಕಾದವರ ಕೈಗೆ ನೀವೇ ಕೋಲು ಕೊಟ್ಟಂತೆ.

ಇನ್ನು ಭಾಷೆ. ‘ರಾಕ್ಷಸ’, ‘ನರಹಂತಕ’, ‘ಹುಚ್ಚು ದೊರೆ’ ಎಂಬ ಮೂರು ಪದ ಸೇರಿ 31 ಸಲ ಬಂದಿವೆ. ಹುಚ್ಚ ಎಂದುಬಿಟ್ಟರೆ ಕೊಲೆ ನಡೆಸಿದ ಕಚೇರಿ ಕಾಣೆಯಾಗುತ್ತದೆ. 1937ರ ಜುಲೈ 30ರಂದು ಸೋವಿಯತ್ ರಹಸ್ಯ ಪೊಲೀಸ್ ಪಡೆಯಾದ ಎನ್‌ಕೆವಿಡಿ ಮುಖ್ಯಸ್ಥ ಯೆಜೋವ್ ಸಹಿ ಹಾಕಿದ 00447ನೇ ಆದೇಶವನ್ನು ಹೆಸರಿಸಿದ್ದೀರಿ, ಒಳಗೆ ಏನಿತ್ತು ಎಂದು ಬರೆದಿಲ್ಲ. ಅದರಲ್ಲಿ ಪ್ರಾಂತ್ಯವಾರು ಪಟ್ಟಿ ಇತ್ತು. ಒಂದನೇ ವರ್ಗ ಎಂದರೆ ಗುಂಡು, ಎರಡನೇ ವರ್ಗ ಎಂದರೆ 8ರಿಂದ 10 ವರ್ಷ ಶಿಬಿರ. ಯಾವ ಪ್ರಾಂತ್ಯಕ್ಕೆ ಯಾವ ವರ್ಗದಲ್ಲಿ ಎಷ್ಟು ತಲೆ ಎಂದು ಮೊದಲೇ ಬರೆದಿತ್ತು. ಒಂದನೇ ವರ್ಗಕ್ಕೇ 70 ಸಾವಿರಕ್ಕೂ ಹೆಚ್ಚು. ಇನ್ನೂ ಯಾರ ಹೆಸರೂ ಇಲ್ಲ, ಸಂಖ್ಯೆ ಮಾತ್ರ ಇದೆ. ತೀರ್ಪು ಕೊಡುತ್ತಿದ್ದವರು ಮೂವರು: ಸ್ಥಳೀಯ ಎನ್‌ಕೆವಿಡಿ ಅಧಿಕಾರಿ, ಪಕ್ಷದ ಕಾರ್ಯದರ್ಶಿ, ಸರ್ಕಾರಿ ವಕೀಲ. ಆರೋಪಿ ಎದುರಿಗೆ ಇರಬೇಕಿರಲಿಲ್ಲ. ಕೆಳಗಿನ ಅಧಿಕಾರಿಗಳು ಹಿಂದೆ ಬೀಳದಿರಲೆಂದು ‘ನಮ್ಮ ಮಿತಿ ಹೆಚ್ಚಿಸಿ’ ಎಂದು ಮಾಸ್ಕೋಗೆ ಬರೆದು, ಹೆಚ್ಚಿಸಿಕೊಂಡರು. 1937-38ರಲ್ಲಿ ದಾಖಲೆಯಲ್ಲಿರುವ ಮರಣದಂಡನೆ 6,81,692. ಯೆಜೋವ್‌ನನ್ನೂ 1940ರಲ್ಲಿ ಕೊಂದು, ಕಾಲುವೆಯ ದಂಡೆಯಲ್ಲಿ ಸ್ಟಾಲಿನ್ ಜೊತೆ ನಿಂತಿದ್ದ ಫೋಟೋದಿಂದ ಅವನನ್ನು ಅಳಿಸಿ ಅಲ್ಲಿ ನೀರು ತುಂಬಿದರು. ಇದನ್ನು ಬರೆದ ಮೇಲೆ ರಾಕ್ಷಸ ಎಂಬ ಪದ ಬೇಕೇ, ನೀವೇ ನೋಡಿ.

ಇದಕ್ಕೆ ಸೇರಿದ್ದೇ ಇನ್ನೊಂದು. ನಿಮ್ಮ ವಾಕ್ಯಗಳು ‘ಬಂಧಿಸಲಾಯಿತು’, ‘ಕೊಲ್ಲಲಾಯಿತು’, ‘ವಶಪಡಿಸಿಕೊಳ್ಳಲಾಯಿತು’ ಎಂದು ಮುಗಿಯುತ್ತವೆ. ಯಾರು? ಸರ್ಕಾರಿ ಸುತ್ತೋಲೆಯ ಈ ‘ಲಾಯಿತು’ ಮಾಡಿದವನನ್ನು ಮರೆಸುತ್ತದೆ, ಈ ವಿಷಯದಲ್ಲಂತೂ ಅದು ಸಲ್ಲದು. ಒಂದೊಂದು ‘ಲಾಯಿತು’ವಿಗೂ ಗೆರೆ ಎಳೆದು, ಮಾಡಿದ ಕಚೇರಿಯನ್ನೋ ವ್ಯಕ್ತಿಯನ್ನೋ ಕೂರಿಸಿ. ತಿಳಿಯದ ಕಡೆ ಓದಿ ತಿಳಿದುಕೊಳ್ಳಿ, ಇಲ್ಲವೇ ಆ ವಾಕ್ಯ ಬಿಡಿ.

ಜರ್ಮನಿಯ ಭಾಗದಲ್ಲಿ ತಪ್ಪುಗಳೇ ಇವೆ. ‘ಸುಳ್ಳನ್ನು ನೂರು ಸಲ ಹೇಳಿದರೆ ನಿಜವಾಗುತ್ತದೆ’ ಎಂಬ, ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್ ಮಾತಿನಿಂದ ಲೇಖನ ಶುರು ಮಾಡಿದ್ದೀರಿ. ಅವನು ಹಾಗೆಂದ ಎಂಬುದಕ್ಕೆ ಆಧಾರವಿಲ್ಲ. ಪ್ರಚಾರದ ಬಗ್ಗೆ ಬರೆಯುವಾಗ ಬಾಯಿಂದ ಬಾಯಿಗೆ ಬಂದದ್ದನ್ನೇ ಅಚ್ಚು ಹಾಕುವುದು ನನಗೆ ಒಪ್ಪಿಗೆಯಿಲ್ಲ. ‘ಹಿಟ್ಲರ್ ನಿರುದ್ಯೋಗ ಅಳಿಸಿದ, ಅದೊಂದನ್ನು ಮೆಚ್ಚಬೇಕು’ ಎಂದೂ ಬರೆದಿದ್ದೀರಿ. 1933ರಲ್ಲಿ ತಂದ ಮದುವೆ ಸಾಲ ಗರಿಷ್ಠ 1,000 ಮಾರ್ಕ್, ಹೆಂಡತಿ ಕೆಲಸ ಬಿಟ್ಟರೆ ಮಾತ್ರ. ಯಹೂದಿಗಳನ್ನು ನೌಕರಿಯಿಂದ ಕಿತ್ತು ಅಲ್ಲಿ ಬೇರೆಯವರನ್ನು ಕೂರಿಸಿದರು. 1935ರಲ್ಲಿ ಹುಡುಗರನ್ನು ಕಡ್ಡಾಯ ಸೇನೆಗೆ ಎಳೆದರು. ಉಳಿದವರಿಗೆ ಶಸ್ತ್ರಾಸ್ತ್ರ ಕಾರ್ಖಾನೆ. ನೀವು ಮೆಚ್ಚಿದ ಅಂಕಿ ಹುಟ್ಟಿದ್ದು ಹೀಗೆ.

ರೇಡಿಯೊ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. 1933ರಲ್ಲಿ 76 ಮಾರ್ಕಿಗೆ ಬಂದ ‘ಜನರ ರೇಡಿಯೊ’ದ ಮಾಡೆಲ್ ನಂಬರು 301. ಹಿಟ್ಲರ್ ಚಾನ್ಸಲರ್ ಆದ ಜನವರಿ 30ರ ಗುರುತು ಅದು. ‘ಅದರಲ್ಲಿ ಹೊರದೇಶದ ಸ್ಟೇಷನ್ ಬರುತ್ತಲೇ ಇರಲಿಲ್ಲ’ ಎಂದಿದ್ದೀರಿ. ದುರ್ಬಲ ಸೆಟ್ಟು ನಿಜ, ಆದರೆ ರಾತ್ರಿ ಹೊತ್ತು, ಒಳ್ಳೆಯ ಆಂಟೆನಾ ಇದ್ದರೆ ಬರುತ್ತಿತ್ತು. ಅದಕ್ಕೇ 1939ರ ಸೆಪ್ಟೆಂಬರಿನಲ್ಲಿ ಕೇಳುವುದನ್ನೇ ಅಪರಾಧ ಮಾಡಿದರು. ಕೇಳಿದ್ದನ್ನು ಹರಡಿದವರಿಗೆ ಮರಣದಂಡನೆವರೆಗೂ ಇತ್ತು. ಎಚ್ಚರಿಕೆಯ ಚೀಟಿಯನ್ನು ರೇಡಿಯೊ ಗುಂಡಿಗೇ ನೇತುಹಾಕಿಸಿದರು. ದನಿ ತಗ್ಗಿಸಿ ಕೇಳುವವನನ್ನು ಹಿಡಿದುಕೊಡಲು ಬೀದಿಗೊಬ್ಬ ಗೂಢಚಾರ ಬೇಕಿರಲಿಲ್ಲ. ವ್ಯೂರ್ಟ್ಸ್‌ಬುರ್ಗ್ ಗೆಸ್ಟಪೊ (ರಹಸ್ಯ ಪೊಲೀಸ್) ಕಚೇರಿಗೆ ಸೇರಿದ ಸುಮಾರು 8 ಲಕ್ಷ ಜನರ ಪ್ರದೇಶಕ್ಕೆ 30ಕ್ಕಿಂತ ಕಡಿಮೆ ಅಧಿಕಾರಿಗಳು. ಉಳಿದ ಕೆಲಸ ಗೋಡೆಯಾಚೆಯ ನೆರೆಯವನದು. ಬಾಡಿಗೆ ಜಗಳ, ಹಳೇ ದ್ವೇಷ ಎಲ್ಲ ದೂರಿನ ಅರ್ಜಿಯಾದವು.

ಕಾರಿನ ಚೀಟಿ ನಿಮ್ಮ ಬರಹದಲ್ಲಿ ಇಲ್ಲವೇ ಇಲ್ಲ, ಸೇರಿಸಲೇಬೇಕು. 1933ರ ಮೇ 2ರಂದು ಕಾರ್ಮಿಕ ಸಂಘಗಳ ಕಚೇರಿಗಳಿಗೆ ನುಗ್ಗಿ, ಆಸ್ತಿ ಕಿತ್ತುಕೊಂಡು, ಎಲ್ಲರನ್ನೂ ‘ಜರ್ಮನ್ ಕಾರ್ಮಿಕ ರಂಗ’ಕ್ಕೆ ಸೇರಿಸಿದರು. 1938ರಲ್ಲಿ ಅದೇ ರಂಗ 990 ಮಾರ್ಕಿಗೆ ಪ್ರತಿ ಕಾರ್ಮಿಕನಿಗೂ ಕಾರು ಎಂದು ಸಾರಿತು. ವಾರಕ್ಕೆ ಕನಿಷ್ಠ 5 ಮಾರ್ಕ್ ಕೊಟ್ಟು ಸ್ಟಾಂಪು ಕೊಂಡು ಪುಸ್ತಕಕ್ಕೆ ಅಂಟಿಸಬೇಕು. ಬಡ್ಡಿಯಿಲ್ಲ. ನಮ್ಮೂರುಗಳಲ್ಲಿ ಚೀಟಿ ಕಟ್ಟಿ ಮೋಸಹೋದವರ ಮನೆಯ ಮೌನ ನಿಮಗೆ ಗೊತ್ತಿರುತ್ತದೆ, ಆ ಕಣ್ಣಿನಿಂದ ಇದನ್ನು ಬರೆಯಿರಿ. 3 ಲಕ್ಷಕ್ಕೂ ಹೆಚ್ಚು ಜನ ಕಟ್ಟಿದರು. ಆ ಕಾರ್ಖಾನೆಯಿಂದ ಸೇನೆಯ ವಾಹನಗಳು ಬಂದವು, ಕಟ್ಟಿದವರಲ್ಲಿ ಒಬ್ಬರಿಗೂ ಹಿಟ್ಲರ್ ಕಾಲದಲ್ಲಿ ಕಾರು ಸಿಗಲಿಲ್ಲ. ಕೇಳಲು ಸಂಘವಿರಲಿಲ್ಲ, ಬರೆಯಲು ಪತ್ರಿಕೆಯಿರಲಿಲ್ಲ.

ವಿದುರಾಶ್ವತ್ಥದ ಪ್ಯಾರಾ ತೆಗೆಯಿರಿ. ನಿಮ್ಮ ತಾಲ್ಲೂಕಿನ ನೆಲ, ಅಭಿಮಾನ ಅರ್ಥವಾಗುತ್ತದೆ. 1938ರ ಏಪ್ರಿಲ್ 25ರಂದು ಅಲ್ಲಿ ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದವರ ಮೇಲೆ ಪೊಲೀಸರು ಮಾಡಿದ ಗೋಲಿಬಾರ್ ಘೋರವೇ. ಆದರೆ ಅದಾದ ಮೇಲೆ ಸುದ್ದಿ ದೇಶವೆಲ್ಲ ಹಬ್ಬಿತು, ಸರ್ದಾರ್ ಪಟೇಲರು ಮೈಸೂರು ಸಂಸ್ಥಾನದ ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಕೂತು ಮಾತಾಡಿ ಒಪ್ಪಂದಕ್ಕೆ ಬಂದರು, ಸಂಸ್ಥಾನ ಬಾವುಟಕ್ಕೆ ಜಾಗ ಬಿಟ್ಟಿತು. ಸ್ಟಾಲಿನ್ ಕೈಯಲ್ಲಿ ಸತ್ತವರ ಪರ ಮಾತಾಡಲು ಇಂಥ ಒಬ್ಬ ಹೊರಗೆ ಉಳಿದಿರಲಿಲ್ಲ. ಎಲ್ಲ ದಬ್ಬಾಳಿಕೆಗೂ ಒಂದೇ ಹೆಸರಿಟ್ಟರೆ ಎರಡೂ ಕಡೆ ಸತ್ತವರಿಗೆ ಅನ್ಯಾಯ. ವಿದುರಾಶ್ವತ್ಥದ ಮೇಲೆ ಬೇರೆಯೇ ಲೇಖನ ಬರೆಯಿರಿ, ಸಂತೋಷದಿಂದ ಓದುತ್ತೇನೆ.

ಶುರು ಎಲ್ಲಿಂದ ಎಂದು ಕೇಳುವಿರಿ. ನಿಮ್ಮ 13ನೇ ಪುಟದಲ್ಲಿ ಅಡಗಿ ಕೂತಿದೆ: ರುಮೇನಿಯಾದ ಟೈಪ್‌ರೈಟರ್. 1983ರ ಆಜ್ಞೆಯ ಪ್ರಕಾರ ಟೈಪ್‌ರೈಟರ್ ಇಟ್ಟುಕೊಳ್ಳಲು ಪೊಲೀಸರ ಅನುಮತಿ ಬೇಕಿತ್ತು. ವರ್ಷಕ್ಕೊಮ್ಮೆ, ರಿಪೇರಿ ಆದಾಗಲೂ, ಎಲ್ಲ ಅಕ್ಷರಗಳನ್ನು ಹೊಡೆದ ಮಾದರಿ ಹಾಳೆ ಒಪ್ಪಿಸಬೇಕು. ಯಾವುದೋ ಗೋಡೆಯ ಮೇಲಿನ ಕರಪತ್ರದ ಸವೆದ ಅಕ್ಷರ ಯಾವ ಮನೆಯದೆಂದು ಪತ್ತೆ ಹಚ್ಚಲು. ಅದೇ ವರ್ಷಗಳಲ್ಲಿ ವಿದೇಶಿ ಸಾಲ ತೀರಿಸಲು ಆಹಾರ ರಫ್ತಾಗುತ್ತಿತ್ತು, ಬ್ರೆಡ್ಡಿಗೆ ರೇಷನ್ನು. ಜನ ಅತಿಯಾಗಿ ತಿನ್ನುತ್ತಿದ್ದಾರೆ, ಇದು ‘ವೈಜ್ಞಾನಿಕ ಆಹಾರ’ ಎಂದು ಸರ್ಕಾರ ಹೇಳಿತು. ಹಾಳೆ ಹಿಡಿದು ಠಾಣೆಯ ಮುಂದೆ ನಿಂತವನೇ ಬ್ರೆಡ್ಡಿನ ಸಾಲಿನಲ್ಲೂ ನಿಂತಿದ್ದ. ಅಲ್ಲಿಂದ ಶುರು ಮಾಡಿ ಹಿಂದಕ್ಕೆ, ಉಕ್ರೇನಿಗೆ ಹೋಗಿ.

ಮೊದಲ ಎರಡು ಪುಟ, ಕೊನೆಯ ‘ಉಪಸಂಹಾರ’ ಪೂರ್ತಿ ಬೇಡ. ಒಟ್ಟು 1,500 ಪದ ಮೀರದಿರಲಿ. ಅಂಕಿ ಬಂದ ಕಡೆಯೆಲ್ಲ ಎಲ್ಲಿಂದ ತೆಗೆದುಕೊಂಡಿರಿ ಎಂದು ಮಾರ್ಜಿನ್‌ನಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಅಚ್ಚಿಗಲ್ಲ, ನನ್ನ ತಾಳೆಗೆ. ಕೈಬರಹವಾದರೆ ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ. ಮುಂದಿನ ತಿಂಗಳ ಹತ್ತರೊಳಗೆ ತಲುಪಿದರೆ ಅದರ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

ಸಂಪಾದಕ,
ತುಮಕೂರು