ಹಂಪಿಯ ಹಳೆಯ ಫೋಟೋಗಳಿಗೆ ಯಾಕೆ ಅಷ್ಟು ಬೆಲೆ?

ಯಾಕಂದ್ರೆ ಈಗ ಅಲ್ಲಿ ಇಲ್ಲದ್ದೂ ಅವುಗಳಲ್ಲಿ ಕಾಣುತ್ತದೆ. 50 ರೂಪಾಯಿ ನೋಟಿನ ಹಿಂದಿರುವ ಕಲ್ಲಿನ ರಥ ನೋಡಿ, ಮೇಲೆ ಬೋಳು. ಆದರೆ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ತೆಗೆದ ಫೋಟೋದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಗೋಪುರ ಇದೆ! ಆಮೇಲೆ ಅದನ್ನು ತೆಗೆದುಹಾಕಿದರು. ನಮ್ಮ ಹೆಮ್ಮೆಯ ಗುರುತಾಗಿ ಮನಸ್ಸಿನಲ್ಲಿ ಕೂತಿರುವುದು ಮಾತ್ರ ಈ ಗೋಪುರವಿಲ್ಲದ ರಥವೇ, ಅಲ್ವಾ?

ಚಿತ್ರ ಬರೆಯುವವರು ತಮಗೆ ಬೇಡದ್ದನ್ನು ಬಿಡಬಹುದು, ಚೆಂದಕ್ಕೆ ಸೇರಿಸಲೂಬಹುದು. ಗ್ರೀನ್‌ಲಾ ಬಳಸಿದ ಮೇಣ ಸವರಿದ ಕಾಗದದ ನೆಗೆಟಿವ್ ಹಾಗಲ್ಲ, ಎದುರಿಗಿದ್ದ ಬಿರುಕು, ಗಿಡಗಂಟಿ ಎಲ್ಲವೂ ಅದರಲ್ಲಿ ಮೂಡುತ್ತದೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನು ಉಳಿದಿದೆ, ಏನು ಹೋಗಿದೆ ಅಂತ ಕಣ್ಣಿಗೇ ಕಾಣುತ್ತದೆ.