ಸಿ ಡ್ರೈವ್ ತುಂಬಿ ಲ್ಯಾಪ್‌ಟಾಪ್ ಆನ್ ಆಗುತ್ತಿಲ್ಲವೇ?

ಪ್ರಶ್ನೆ: ನನ್ನ ವಿಂಡೋಸ್ 10 ಲ್ಯಾಪ್‌ಟಾಪ್‌ನಲ್ಲಿರುವುದು 128 ಜಿಬಿ ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್. ಸಿ ಡ್ರೈವ್ ಬಹಳ ದಿನಗಳಿಂದ ಕೆಂಪಾಗಿತ್ತು. ಒಂದು ಅಪ್‌ಡೇಟ್ ಆದಮೇಲೆ ಚುಕ್ಕಿಗಳು ಸುತ್ತಿ, ಮತ್ತೆ ರೀಸ್ಟಾರ್ಟ್ ಆಗುತ್ತಲೇ ಇದೆ. ಅಂಗಡಿಯವರು ಫಾರ್ಮ್ಯಾಟ್ ಮಾಡೋಣ ಎನ್ನುತ್ತಾರೆ. ಮದುವೆ ಫೋಟೊಗಳೆಲ್ಲ ಅದರಲ್ಲೇ ಇವೆ. ಏನು ಮಾಡಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಸದ್ಯಕ್ಕೆ ಫಾರ್ಮ್ಯಾಟ್ ಬೇಡ. ವಿಂಡೋಸ್ ಏಳುವಾಗಲೂ ಡಿಸ್ಕ್‌ಗೆ ಬರೆಯುತ್ತಿರುತ್ತದೆ. ಅರ್ಧಕ್ಕೆ ನಿಂತ ಅಪ್‌ಡೇಟನ್ನು ಹಿಂದಕ್ಕೆ ಸರಿಸಲೂ ಅದಕ್ಕೆ ಜಾಗ ಬೇಕು. ನಿಮ್ಮಲ್ಲಿ ಅದೇ ಇಲ್ಲ.

ಚುಕ್ಕಿಗಳು ಸುತ್ತುವಾಗ ಪವರ್ ಬಟನ್ನನ್ನು 10 ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ. ಇದನ್ನೇ ಎರಡು-ಮೂರು ಸಲ ಮಾಡಿದರೆ ‘ಆಟೊಮ್ಯಾಟಿಕ್ ರಿಪೇರ್’ ಪರದೆ ಬರುತ್ತದೆ. ಬಾರದಿದ್ದರೆ ಬೇರೆ ಕಂಪ್ಯೂಟರಿನಲ್ಲಿ, 8 ಜಿಬಿ ಪೆನ್‌ಡ್ರೈವ್‌ಗೆ ವಿಂಡೋಸ್ ಇನ್‌ಸ್ಟಾಲರ್ ಹಾಕಿ, ಅದರಿಂದ ಬೂಟ್ ಮಾಡಿ ‘ರಿಪೇರ್ ಯುವರ್ ಕಂಪ್ಯೂಟರ್’ ಒತ್ತಿ. ಅಲ್ಲಿಂದ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಕಮಾಂಡ್ ಪ್ರಾಂಪ್ಟ್. ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಕೀ ಕೇಳಿದರೆ ಗಾಬರಿ ಬೇಡ. 48 ಅಂಕಿಗಳ ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತದೆ. ಫೋನಿನಲ್ಲಿ ಲಾಗಿನ್ ಆಗಿ ನೋಡಬಹುದು.

ಕಪ್ಪು ಕಿಟಕಿಯಲ್ಲಿ ಇಂಗ್ಲಿಷಿನಲ್ಲಿ ನೋಟ್‌ಪ್ಯಾಡ್ ಎಂದು ಟೈಪ್ ಮಾಡಿ ಎಂಟರ್ ಕೊಡಿ. ಅದರ ಫೈಲ್ ಮೆನುವಿನಲ್ಲಿ ಓಪನ್ ಒತ್ತಿ, ಕೆಳಗೆ ‘ಆಲ್ ಫೈಲ್ಸ್’ ಆರಿಸಿದರೆ ಇಡೀ ಡಿಸ್ಕ್ ಕಾಣುತ್ತದೆ. ಬಲ ಕ್ಲಿಕ್ಕಿನಲ್ಲಿ ಕಾಪಿ, ಪೇಸ್ಟ್, ಡಿಲೀಟ್ ಎಲ್ಲ ಇವೆ. ಇಲ್ಲಿ ಡ್ರೈವ್ ಅಕ್ಷರಗಳು ಬದಲಾಗಿರಬಹುದು: ಎಕ್ಸ್ ಎಂಬುದು ರಿಪೇರಿ ವ್ಯವಸ್ಥೆಯದ್ದು, ನಿಮ್ಮ ಸಿ ಡ್ರೈವ್ ಡಿ ಎಂದು ತೋರಬಹುದು. ‘ಯೂಸರ್ಸ್’ ಫೋಲ್ಡರಿನೊಳಗೆ ನಿಮ್ಮ ಹೆಸರಿನ ಫೋಲ್ಡರ್ ಎಲ್ಲಿದೆಯೋ ಅದೇ ನಿಮ್ಮದು.

ಮೊದಲು ಫೋಟೊಗಳು. ಎಕ್ಸ್‌ಟರ್ನಲ್ ಡಿಸ್ಕ್ ಚುಚ್ಚಿ ಕಾಪಿ ಮಾಡಿ. ಎಷ್ಟು ಕಾಪಿಯಾಯಿತು ಎಂಬ ಪಟ್ಟಿ ಬರುವುದಿಲ್ಲ, ಕಿಟಕಿ ಸತ್ತಂತೆ ನಿಂತಿರುತ್ತದೆ, ತಾಳ್ಮೆಯಿಂದ ಕಾಯಿರಿ. ಮುಗಿದ ಮೇಲೆ ಎರಡೂ ಕಡೆ ಪ್ರಾಪರ್ಟೀಸ್‌ನಲ್ಲಿ ಫೈಲುಗಳ ಸಂಖ್ಯೆ ಒಂದೇ ಇದೆಯೇ ನೋಡಿ. ಆಮೇಲಷ್ಟೇ ಅಳಿಸಲು ಕೈ ಹಾಕಿ, ಏಕೆಂದರೆ ಇಲ್ಲಿ ಅಳಿಸಿದ್ದು ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ.

ಡೌನ್‌ಲೋಡ್ಸ್‌ನಲ್ಲಿರುವ ಹಳೆಯ ಇನ್‌ಸ್ಟಾಲರ್‌ಗಳು, ಸಿನಿಮಾಗಳು, ವಿಂಡೋಸ್ ಫೋಲ್ಡರಿನೊಳಗಿನ ಟೆಂಪ್, ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್‌ನೊಳಗಿನ ಡೌನ್‌ಲೋಡ್: ಇವುಗಳಲ್ಲಿರುವುದನ್ನು ಅಳಿಸಬಹುದು. ಆದರೆ ವಿಂಡೋಸ್ ಫೋಲ್ಡರಿನೊಳಗಿನ ವಿನ್‌ಎಸ್‌ಎಕ್ಸ್‌ಎಸ್, ಇನ್‌ಸ್ಟಾಲರ್, ಸಿಸ್ಟಮ್32 ಎಂಬ ಫೋಲ್ಡರ್‌ಗಳು ಎಷ್ಟೇ ದಪ್ಪ ಕಂಡರೂ ಮುಟ್ಟಬೇಡಿ. ಇನ್ನೂ ಸಾಲದಿದ್ದರೆ ಹೈಬರ್ನೇಶನ್‌ಗೆ (ಕೆಲಸವನ್ನು ಡಿಸ್ಕ್‌ನಲ್ಲಿಟ್ಟು ಆಫ್ ಆಗುವ ವ್ಯವಸ್ಥೆ) ಬಳಕೆಯಾಗುವ, ಅಡಗಿರುವ ಹೈಬರ್‌ಫಿಲ್ ಎಂಬ ಫೈಲ್ ಇದೆ. ನಿಮ್ಮ ರ‍್ಯಾಮ್‌ಗೆ ಅದು ಸುಮಾರು 3 ಜಿಬಿ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಡೆಲ್ /ಎ ಸಿ:\ಹೈಬರ್‌ಫಿಲ್.ಸಿಸ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ, ಸರಿಯಾದ ಡ್ರೈವ್ ಹಾಕಿ ಬರೆಯಿರಿ. ಆಮೇಲೆ ಹೈಬರ್ನೇಶನ್ ಆಫ್ ಮಾಡದಿದ್ದರೆ ಅದು ಮತ್ತೆ ಹುಟ್ಟುತ್ತದೆ. ಪೇಜ್‌ಫೈಲ್ (ರ‍್ಯಾಮ್ ಸಾಲದಾಗ ವಿಂಡೋಸ್ ಬಳಸುವ ಫೈಲ್) ಅಳಿಸಿ ಪ್ರಯೋಜನವಿಲ್ಲ, ಬೂಟ್ ಆಗುವಾಗಲೇ ಮತ್ತೆ ಬರುತ್ತದೆ.

10 ಜಿಬಿಯಾದರೂ ಖಾಲಿಯಾದ ಮೇಲೆ ರೀಸ್ಟಾರ್ಟ್ ಮಾಡಿ. ಆಗಲೂ ಏಳದಿದ್ದರೆ ಅದೇ ಅಡ್ವಾನ್ಸ್‌ಡ್ ಆಪ್ಷನ್ಸ್‌ನಲ್ಲಿ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ಗೆ ಹೋಗಿ ಕೊನೆಯ ಕ್ವಾಲಿಟಿ ಅಪ್‌ಡೇಟ್ (ಆಗಾಗ ಬರುವ ಸಣ್ಣ ಅಪ್‌ಡೇಟ್) ತೆಗೆಯಿರಿ. ನಿಮ್ಮ ವಿವರ ನೋಡಿದರೆ ಇದೂ ಬೇಕಾದೀತು.

ಪ್ರಶ್ನೆ: ಉಬುಂಟು (ಒಂದು ಬಗೆಯ ಲಿನಕ್ಸ್) ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದೆ. ಸಿ ಡ್ರೈವ್ ತೆರೆಯುತ್ತದೆ, ಆದರೆ ಏನನ್ನೂ ಅಳಿಸಲು ಬಿಡುವುದಿಲ್ಲ.
– ಓದುಗರೊಬ್ಬರು, ಹಾಸನ

ಉತ್ತರ: ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದಿರಬೇಕು. ಅದಿದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚದೆ ಅರೆನಿದ್ದೆಗೆ ಹೋಗಿರುತ್ತದೆ, ಹಾಗಾಗಿ ಲಿನಕ್ಸ್ ಆ ಡ್ರೈವನ್ನು ಓದಲಷ್ಟೇ ಬಿಡುತ್ತದೆ. ಫೈಲ್ ಕಾಪಿ ಮಾಡಿಕೊಳ್ಳಲು ಅಷ್ಟು ಸಾಕು. ಅಳಿಸಲು ಮೇಲೆ ಹೇಳಿದ ನೋಟ್‌ಪ್ಯಾಡ್ ದಾರಿ ಹಿಡಿಯಿರಿ.