ಹೊಟ್ಟೆ ತುಂಬಿದ ಚಾರ್ಜಿಂಗ್ ಪಿನ್ನು

ಪ್ರಶ್ನೆ: ಅಣ್ಣನವರೇ, ನಾನು ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತೇನೆ. ಎರಡು ತಿಂಗಳಿಂದ ಫೋನಿಗೆ ಚಾರ್ಜರ್ ಸರಿಯಾಗಿ ಕೂರುತ್ತಿಲ್ಲ. ವೈರನ್ನು ಒಂದು ಕಡೆಗೆ ವಾಲಿಸಿ, ಕೆಳಗೆ ಬೆಂಕಿಪೊಟ್ಟಣ ಇಟ್ಟರೆ ಮಾತ್ರ ಚಾರ್ಜ್ ಆಗುತ್ತದೆ. ಪಿನ್ ಲೂಸ್ ಆಗಿದೆ, ಬದಲಾಯಿಸಲು 900 ರೂಪಾಯಿ ಎಂದು ಅಂಗಡಿಯವರು ಹೇಳಿದರು. ಮಗ ಸೇಫ್ಟಿ ಪಿನ್ ಹಿಡಿದು, ನಾನೇ ಕೆದಕುತ್ತೇನೆ ಎನ್ನುತ್ತಿದ್ದಾನೆ. ಬಿಡಲೋ, ಬೇಡವೋ?
— ಓದುಗರೊಬ್ಬರು, ಬ್ಯಾಡಗಿ

ಉತ್ತರ: ಅಕ್ಕನವರೇ, ಮೊದಲು ಮಗನ ಕೈಯಿಂದ ಆ ಪಿನ್ನನ್ನು ಇಸಿದುಕೊಳ್ಳಿ. 900 ರೂಪಾಯಿಯೂ ಸದ್ಯಕ್ಕೆ ಗಂಟಿನಲ್ಲೇ ಇರಲಿ.

ಹದಿನಾಲ್ಕು ವರ್ಷದಿಂದ ರಿಪೇರಿ ಮೇಜಿನ ಮುಂದೆ ಕುಳಿತಿದ್ದೇನೆ. ಪಿನ್ ಲೂಸ್ ಎಂದು ಬಂದ ಎಷ್ಟೋ ಫೋನುಗಳಲ್ಲಿ ಪಿನ್ನು ಗಟ್ಟಿಯಾಗಿಯೇ ಇತ್ತು, ಹೊಟ್ಟೆ ಮಾತ್ರ ತುಂಬಿತ್ತು. ಜೇಬಿನಲ್ಲಿಟ್ಟರೂ ಚೀಲದಲ್ಲಿಟ್ಟರೂ ಬಟ್ಟೆಯ ಸಣ್ಣ ಎಳೆಗಳು ಆ ರಂಧ್ರಕ್ಕೆ ಸೇರುತ್ತವೆ. ನಾವು ದಿನಕ್ಕೆ ಎರಡು ಸಲ ಚಾರ್ಜರ್ ಚುಚ್ಚಿ, ಗೋಣಿಚೀಲಕ್ಕೆ ಹೊಟ್ಟು ಗಿಡಿದ ಹಾಗೆ ಅವನ್ನು ತಳಕ್ಕೆ ಗಿಡಿಯುತ್ತೇವೆ. ನಿಮ್ಮದರಲ್ಲಿ ಮೆಣಸಿನಕಾಯಿ ಪುಡಿಯೂ ಸೇರಿರುತ್ತದೆ. ಬ್ಯಾಡಗಿ ಕಾಯಿಯ ಬಣ್ಣ ಅದರ ಜಿಡ್ಡಿನಂಶದಲ್ಲೇ ಇದೆ, ಅದಕ್ಕೇ ಓಲಿಯೋರೆಸಿನ್ ಎಂಬ ಬಣ್ಣದ ಜಿಡ್ಡುಸಾರ ತೆಗೆಯುವ ಕಾರ್ಖಾನೆಗಳು ಅದನ್ನು ಕೊಳ್ಳುವುದು. ಆ ಜಿಡ್ಡು ಎಳೆಗಳನ್ನೆಲ್ಲ ಒಂದೇ ಉಂಡೆ ಮಾಡಿರುತ್ತದೆ.

ಇದು ನಿಜವೋ ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ಬೇರೆಯವರ ಒಳ್ಳೆಯ ವೈರನ್ನು ಚುಚ್ಚಿ ನೋಡಿ. ಎಷ್ಟೋ ಸಲ ಕೆಟ್ಟಿರುವುದು ವೈರೇ. ಆ ವೈರೂ ವಾಲಿದರೆ, ಅದರ ತುದಿಯ ಲೋಹ ಪೂರ್ತಿ ಒಳಗೆ ಹೋಗಿದೆಯೇ ನೋಡಿ. ಉಗುರಿನ ದಪ್ಪದಷ್ಟು ಬೆಳ್ಳಿಯ ಬಣ್ಣ ಹೊರಗೆ ಉಳಿದಿದ್ದರೆ ತಳದಲ್ಲಿ ಕಸ ಕುಳಿತಿದೆ ಎಂದೇ ಲೆಕ್ಕ.

ಸೇಫ್ಟಿ ಪಿನ್ ಏಕೆ ಬೇಡವೆಂದರೆ, ಈಗಿನ ಟೈಪ್-ಸಿ ರಂಧ್ರದ ನಡುವೆ ಒಂದು ತೆಳುವಾದ ನಾಲಿಗೆಯಿದೆ. ಅದರ ಮೇಲೆ 12, ಕೆಳಗೆ 12, ಹೀಗೆ ಒಟ್ಟು 24ರವರೆಗೆ ಲೋಹದ ಪಟ್ಟಿಗಳಿರುತ್ತವೆ. ನಾಲಿಗೆಗೂ ಹೊರಗೋಡೆಗೂ ನಡುವೆ ಇರುವ ಸಂದು ಒಂದು ಮಿಲಿಮೀಟರಿಗೂ ಕಡಿಮೆ. ಸೂಜಿ ಜಾರಿದರೆ ಪಟ್ಟಿ ಕೀಳುತ್ತದೆ, ಅಥವಾ ಎರಡು ಪಟ್ಟಿಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗುತ್ತವೆ. ಫೋನ್ ಆರಿಸಿದರೂ ಬ್ಯಾಟರಿ ಒಳಗೇ ಇರುತ್ತದೆ, ನೆನಪಿರಲಿ. ಅಂಗಡಿ ತೆರೆದ ಮೊದಲ ವರ್ಷ ನಾನೇ ಒಬ್ಬ ಮೇಷ್ಟ್ರ ಫೋನಿಗೆ ಸೂಜಿ ಹಾಕಿ, ಹಳೆಯ ಮೈಕ್ರೋ ಯುಎಸ್‌ಬಿಯ ಒಂದು ಪಟ್ಟಿಯನ್ನು ಬಗ್ಗಿಸಿ, ಹೊಸ ಬೋರ್ಡನ್ನು ಸ್ವಂತ ದುಡ್ಡಿನಲ್ಲಿ ಹಾಕಿಕೊಟ್ಟೆ. ಮೇಷ್ಟ್ರು ಏನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಾಗಾಗಿ ಫೋನನ್ನು ಆರಿಸಿ, ಚಾರ್ಜರ್ ತೆಗೆದು, ಕಿಟಕಿಯ ಬೆಳಕಿಗೆ ಕುಳಿತುಕೊಳ್ಳಿ. ಒಂದು ಬಿದಿರಿನ ಹಲ್ಲುಕಡ್ಡಿಯ ತುದಿಯನ್ನು ಬ್ಲೇಡಿನಿಂದ ಚಪ್ಪಟೆಯಾಗಿ ಹೆರೆಯಿರಿ. ತೀರ ಚೂಪಾದರೆ ಮುರಿದು ಒಳಗೇ ಉಳಿಯುತ್ತದೆ, ಆಮೇಲೆ ಕಸಕ್ಕಿಂತ ಅದೇ ದೊಡ್ಡ ತಲೆನೋವು. ರಂಧ್ರ ನೆಲದ ಕಡೆಗೆ ಇರುವಂತೆ ಫೋನನ್ನು ಹಿಡಿದರೆ ಬಿಡಿಸಿದ ಕಸ ತಾನಾಗಿ ಕೆಳಗೆ ಬೀಳುತ್ತದೆ. ಕಡ್ಡಿಯನ್ನು ಹೊರಗೋಡೆಗೆ ಒರಗಿಸಿ ಒಳಗೆ ಬಿಟ್ಟು, ಹೊರಕ್ಕೆ ಎಳೆಯಿರಿ. ನಾಲಿಗೆಯನ್ನು ಮುಟ್ಟಬೇಡಿ, ಒಳಕ್ಕೆ ಒತ್ತಲೂಬೇಡಿ. ಎರಡು ತುದಿಯ ಮೂಲೆಗಳಲ್ಲೇ ಕಸ ಹೆಚ್ಚು. ಸಾಮಾನ್ಯವಾಗಿ ಮೊದಲು ಏನೂ ಬರುವುದಿಲ್ಲ, ಆಮೇಲೆ ಇದ್ದಕ್ಕಿದ್ದಂತೆ ಕಂಬಳಿಯ ತುಂಡಿನಂಥದ್ದೊಂದು ಪೂರ್ತಿಯಾಗಿ ಈಚೆ ಬರುತ್ತದೆ. ಅದನ್ನು ನೋಡುವುದರಲ್ಲಿ ಒಂದು ಸುಖವಿದೆ, ಸುಳ್ಳು ಹೇಳುವುದಿಲ್ಲ.

ಬಾಯಿಂದ ಊದಬೇಡಿ. ಉಗುಳಿನ ತೇವ ಒಳಗೆ ಹೋಗುತ್ತದೆ. ನಿಮ್ಮ ಫೋನಿನ ಮಟ್ಟಿಗಂತೂ ಖಾರದ ಪುಡಿ ಕಣ್ಣಿಗೇ ವಾಪಸ್ ಬರುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯೂ ಬೇಡ. ಅದರಲ್ಲಿ ಒತ್ತಡವೂ ಹೆಚ್ಚು, ನೀರಿನ ಹನಿಯೂ ಇರುತ್ತದೆ. ಜಿಡ್ಡು ಉಳಿದಿದ್ದರೆ ಮೆತ್ತನೆಯ ಬ್ರಷ್ಷಿನ ತುದಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ (ಬೇಗ ಆರಿಹೋಗುವ, ಶುಚಿ ಮಾಡುವ ದ್ರವ) ಸೋಕಿಸಿ ಒಮ್ಮೆ ಸವರಿ, ಪೂರ್ತಿ ಒಣಗಿದ ಮೇಲಷ್ಟೇ ಚಾರ್ಜಿಗೆ ಹಾಕಿ. ಸೀಮೆಎಣ್ಣೆ, ಪೆಟ್ರೋಲ್, ಕೈಗೆ ಹಚ್ಚುವ ಸ್ಯಾನಿಟೈಸರ್ ಯಾವುದೂ ಆಗುವುದಿಲ್ಲ. ಇನ್ನೊಂದು ಮಾತು. ಪಕ್ಕದಲ್ಲಿರುವ ಪುಟ್ಟ ತೂತು ಮೈಕಿನದು. ಅದನ್ನೂ ಕಸವೆಂದು ಚುಚ್ಚಿ, ತಮ್ಮ ದನಿ ಆಚೆಯವರಿಗೆ ಕೇಳದಂತೆ ಮಾಡಿಕೊಂಡು ಬಂದವರಿದ್ದಾರೆ.

ಇಷ್ಟಾದ ಮೇಲೆ ಚಾರ್ಜರ್ 'ಟಕ್' ಎಂದು ಕೂತರೆ ಕೆಲಸ ಮುಗಿಯಿತು. ಒಳಗೆ ಹಸಿರು ಬಣ್ಣ, ಸುಟ್ಟ ಕಪ್ಪು ಅಥವಾ ಬಗ್ಗಿದ ನಾಲಿಗೆ ಕಂಡರೆ ಮಾತ್ರ ಅಂಗಡಿಗೆ ಹೋಗಿ. ಬಹಳಷ್ಟು ಫೋನುಗಳಲ್ಲಿ ಈ ಭಾಗ ಪ್ರತ್ಯೇಕವಾದ ಸಣ್ಣ ಬೋರ್ಡಿನ ಮೇಲಿರುತ್ತದೆ, ಅದೊಂದನ್ನೇ ಬದಲಾಯಿಸಬಹುದು. ಕಡ್ಡಿಯ ಕೆಲಸವನ್ನು ಮಗನಿಗೇ ಕೊಡಿ, ಕಣ್ಣು ಚುರುಕಾಗಿರುತ್ತದೆ. ಮೆಣಸಿನಕಾಯಿ ಬಿಡಿಸಿದ ಕೈಯಲ್ಲಿ ನೀವು ಕೂರಬೇಡಿ.

ಪ್ರಶ್ನೆ: ಮಳೆಯಲ್ಲಿ ನೆನೆದು ಬಂದಾಗಲೆಲ್ಲ ಚಾರ್ಜರ್ ಹಾಕಿದರೆ 'ತೇವವಿದೆ' ಎಂಬ ಸೂಚನೆ ಬರುತ್ತದೆ. ಫೋನನ್ನು ಅಕ್ಕಿ ಡಬ್ಬಿಯಲ್ಲಿ ಇಡುತ್ತಿದ್ದೇನೆ. ಸರಿಯೇ?
— ಓದುಗರೊಬ್ಬರು, ಕುಂದಾಪುರ

ಉತ್ತರ: ಅಕ್ಕಿಯನ್ನು ಗಂಜಿಗೆ ಇಟ್ಟುಕೊಳ್ಳಿ. ಅದರ ಧೂಳು, ನುಚ್ಚು ರಂಧ್ರಕ್ಕೆ ಸೇರುತ್ತದೆ. ಐಫೋನ್ ತಯಾರಿಸುವ ಆ್ಯಪಲ್ ಕೂಡ ಹಾಗೆ ಇಡಬೇಡಿ ಎನ್ನುತ್ತದೆ. ರಂಧ್ರವನ್ನು ಕೆಳಮುಖ ಮಾಡಿ, ಅಂಗೈಗೆ ಮೆಲ್ಲಗೆ ತಟ್ಟಿ, ಗಾಳಿಯಾಡುವ ಕಡೆ ಇಡಿ. ಸೂಚನೆ ಹೋಗುವವರೆಗೆ ಚಾರ್ಜರ್ ಚುಚ್ಚಬೇಡಿ. ತೇವದಲ್ಲಿ ಕರೆಂಟು ಹರಿದರೆ ಪಟ್ಟಿಗಳು ಬೇಗ ಕಿಲುಬು ಹಿಡಿಯುತ್ತವೆ, ಅದರಲ್ಲೂ ನಿಮ್ಮ ಕಡೆಯ ಉಪ್ಪುನೀರು ತಾಗಿದ್ದರೆ.